ಸಸ್ತಾ ಗೇಮ್ ಕನ್ಸೋಲ್ ಅಂದರೆ ಕಳಪೆ ಮಾಲಾ? ದುಡ್ಡು ಕೊಡುವ ಮುಂಚೆ ಹೀಗೆ ನೋಡಿ

"ಇದು ಸಸ್ತಾ ಅದ, ಅದು ತುಟ್ಟಿ ಅದ. ಸಸ್ತಾದ್ರಾಗ ಏನರ ಕೊರತಿ ಇರಬೇಕಲ್ರೀ?"

ಬೇಸಿಗೆ ರಜೆ ಇಲ್ಲವೇ ದೀಪಾವಳಿ ಹತ್ತಿರ ಬಂದರೆ ಸಾಕು, ಕಲಬುರಗಿಯಲ್ಲಿ ನನಗೆ ಬರುವ ಪ್ರಶ್ನೆ ಇದೊಂದೇ. ಮಕ್ಕಳಿಗೆ ಗೇಮ್ ಕನ್ಸೋಲ್, ಅಂದರೆ ಸಾಮಾನ್ಯವಾಗಿ ಟಿವಿಗೆ ಹಚ್ಚಿ ಆಡುವ ಆಟದ ಡಬ್ಬಿ, ಕೊಡಿಸಲು ಹೊರಟ ಅಪ್ಪ ಅಮ್ಮ ಕೇಳುತ್ತಾರೆ. ಮೊದಲ ಸಂಬಳದಲ್ಲಿ ತಗೊಳ್ಳುವ ಹುಡುಗರು ಕೇಳುತ್ತಾರೆ. ಬೀದರ್, ಯಾದಗಿರಿಯಿಂದ ಫೋನ್ ಮಾಡುವವರದ್ದೂ ಇದೇ ಮಾತು. ಪ್ರತಿ ಸಲ ಅರ್ಧ ಗಂಟೆ ಹೇಳುವುದನ್ನು ಈ ಸಲ ಬರೆದೇ ಇಡುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದೇ ಕಂಪನಿಯ ಎರಡು ಕನ್ಸೋಲ್‌ಗಳಲ್ಲಿ ಒಂದರ ಬೆಲೆ ಕಡಿಮೆ ಇದ್ದರೆ, ಅದರಿಂದ ಏನೋ ಒಂದನ್ನು ತೆಗೆದಿದ್ದಾರೆ ಎಂದು ಅರ್ಥ. ಕಟ್ಟಿರುವುದು ಅದೇ ಗಟ್ಟಿತನದಲ್ಲಿ. ತೆಗೆದದ್ದು ನಿಮ್ಮ ಮನೆಗೆ ಬೇಕಾದದ್ದಾ ಬೇಡದ್ದಾ, ಅಷ್ಟು ನೋಡಿದರೆ ಸಾಕು. ಹೆಸರಿಲ್ಲದ ಡಬ್ಬಿಗಳ ಕಥೆ ಬೇರೆ, ಅದಕ್ಕೂ ಬರುತ್ತೇನೆ.

ಶುರು ಮಾಡುವ ಮುಂಚೆ ನಾಲ್ಕು ವಿಷಯ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮನೆಯ ಟಿವಿಯ ಮಾಡೆಲ್ ನಂಬರ್, ಮನೆಯಲ್ಲಿ ಎಂಥ ಇಂಟರ್‌ನೆಟ್ ಇದೆ, ಯಾವ ಆಟ ಆಡಬೇಕು ಅಂತ ಆಸೆ, ಮತ್ತು ಕನ್ಸೋಲ್ ಕೊಂಡ ಮೇಲೆ ವರ್ಷಕ್ಕೆ ಆಟಗಳಿಗೆ ಎಷ್ಟು ಖರ್ಚು ಮಾಡಬಲ್ಲಿರಿ. ಈ ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ.

1. ಯಾಕೆ ಸಸ್ತಾ ಅಂತ ಮೊದಲು ಗುರುತಿಸಿ

ಸಸ್ತಾ ಆಗುವುದಕ್ಕೆ ಬೇರೆ ಬೇರೆ ಕಾರಣ ಇರುತ್ತವೆ. ಕಂಪನಿಯೇ ಒಂದು ಭಾಗ ತೆಗೆದು ಬೆಲೆ ಇಳಿಸಿರಬಹುದು. ಅದೇ ಕನ್ಸೋಲ್ ಮೂರು ನಾಲ್ಕು ವರ್ಷದ ನಂತರ ಸಣ್ಣ ಮೈಯಲ್ಲಿ, 'ಸ್ಲಿಮ್' ಅನ್ನುವ ಹೆಸರಲ್ಲಿ ಬಂದಿರಬಹುದು. ಇಲ್ಲವೇ ಅದು ಆ ಕನ್ಸೋಲೇ ಅಲ್ಲದಿರಬಹುದು, ನಕಲಿಯೋ ಬಿಚ್ಚಿ ಜೋಡಿಸಿದ್ದೋ ಆಗಿರಬಹುದು. ಮೊದಲ ಎರಡಕ್ಕೆ ಹೆದರಬೇಕಾಗಿಲ್ಲ.

ಸ್ಲಿಮ್ ಬಗ್ಗೆ ಒಂದು ಮಾತು. ಹೊಸ ಸಣ್ಣ ಮಾಡೆಲ್ ಎಷ್ಟೋ ಸಲ ಹಳೆಯ ದುಬಾರಿ ಮಾಡೆಲ್‌ಗಿಂತ ಚೆನ್ನಾಗಿರುತ್ತದೆ. 2013ರಲ್ಲಿ ಬಂದ ಸೋನಿ ಕಂಪನಿಯ ಪ್ಲೇಸ್ಟೇಷನ್ 4 ಅಮೆರಿಕದಲ್ಲಿ 399 ಡಾಲರ್, 2016ರಲ್ಲಿ ಬಂದ ಅದರ ಸ್ಲಿಮ್ 299 ಡಾಲರ್. ಒಳಗಿನ ಚಿಪ್ ಸಣ್ಣದಾಗಿತ್ತು, ಹಾಗಾಗಿ ಕರೆಂಟ್ ಕಡಿಮೆ ಎಳೆಯುತ್ತಿತ್ತು, ಬಿಸಿಯೂ ಕಡಿಮೆ. ಹೋದದ್ದು ಏನು? ಆಪ್ಟಿಕಲ್ ಆಡಿಯೋ ಪೋರ್ಟ್, ಅಂದರೆ ಕೆಲವು ಹೋಮ್ ಥಿಯೇಟರ್‌ಗಳಿಗೆ ಸದ್ದು ಕೊಡುವ ಕಿಂಡಿ. ಅದನ್ನು ಬಳಸುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಹೇಳಿ.

ಇನ್ನೊಂದು ಗುಟ್ಟು ಗೊತ್ತಿರಲಿ. ಕನ್ಸೋಲ್ ಕಂಪನಿಗಳು ಡಬ್ಬಿ ಮಾರಿ ದುಡ್ಡು ಮಾಡುವುದು ಕಡಿಮೆ. ಆಟ ಮಾರಿದಾಗ ಸಿಗುವ ಪಾಲು (ಸಾಮಾನ್ಯವಾಗಿ 30 ಪರ್ಸೆಂಟ್) ಮತ್ತು ತಿಂಗಳ ಚಂದಾ, ಇವೇ ಅವರ ದೊಡ್ಡ ಗಳಿಕೆ. 2021ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು ತಮ್ಮ ಕನ್ಸೋಲಾದ ಎಕ್ಸ್‌ಬಾಕ್ಸ್ ಡಬ್ಬಿಯಿಂದ ಎಂದೂ ಲಾಭ ಬಂದಿಲ್ಲ ಎಂದು ಹೇಳಿದ್ದರು. ಅಂದರೆ ಕಡಿಮೆ ಬೆಲೆಯ ಒಂದು ಭಾಗವನ್ನು ಕಂಪನಿಯೇ ಹೊರುತ್ತದೆ. ಅದನ್ನು ಮುಂದೆ ನಿಮ್ಮಿಂದ ಆಟಗಳ ಮೂಲಕ ವಸೂಲು ಮಾಡುತ್ತದೆ ಅನ್ನುವುದನ್ನೂ ನೆನಪಿಡಿ.

ತುಟ್ಟಿಯಾದದ್ದು ಬಾಳಿಕೆ ಬರುತ್ತದೆ ಅನ್ನುವ ನಂಬಿಕೆಗೂ ಒಂದು ಉದಾಹರಣೆ ಕೊಡುತ್ತೇನೆ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360ರಲ್ಲಿ ಮುಂದಿನ ದೀಪ ಕೆಂಪಗೆ ಮಿನುಗಿ ಡಬ್ಬಿ ಸತ್ತುಹೋಗುವ ದೊಡ್ಡ ದೋಷ ಇತ್ತು. 2007ರಲ್ಲಿ ಕಂಪನಿ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿತು, ಅದಕ್ಕಾಗಿ ನೂರು ಕೋಟಿ ಡಾಲರ್‌ಗಿಂತ ಜಾಸ್ತಿ ತೆಗೆದಿಟ್ಟಿತು. ಸಸ್ತಾ ಮಾಡೆಲ್, ತುಟ್ಟಿ ಮಾಡೆಲ್ ಎರಡರಲ್ಲೂ ಒಳಗಿನ ಬೋರ್ಡು ಒಂದೇ. ಜಾಸ್ತಿ ಕೊಟ್ಟವರದ್ದೂ ಕೆಟ್ಟಿತು.

2. ಏನನ್ನು ತೆಗೆದಿದ್ದಾರೆ ಅಂತ ಹುಡುಕಿ

ಪ್ಯಾಕಿಂಗ್ ಡಬ್ಬಿಯ ಹಿಂದೆ ಅಥವಾ ಕಂಪನಿಯ ಸೈಟಿನಲ್ಲಿ ಎರಡು ಮಾಡೆಲ್‌ಗಳ ವಿವರ ಪಕ್ಕಪಕ್ಕ ಇಟ್ಟು ನೋಡಿ.

ಪ್ಲೇಸ್ಟೇಷನ್ 5 ತಗೊಳ್ಳಿ. 2024ರ ಏಪ್ರಿಲ್‌ನಲ್ಲಿ ಇದರ ಸ್ಲಿಮ್ ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಇರುವುದು 54,990 ರೂ., ಡಿಜಿಟಲ್ (ಆಟವನ್ನು ಇಂಟರ್‌ನೆಟ್‌ನಿಂದಲೇ ಇಳಿಸಿಕೊಳ್ಳುವಂಥದ್ದು) 44,990 ರೂ. ಹತ್ತು ಸಾವಿರ ಫರಕು. ಚಿಪ್ ಅದೇ, ಮೆಮೊರಿ ಅದೇ, ಚಿತ್ರ ಅದೇ. ಹೋದದ್ದು ಡಿಸ್ಕ್ ಡ್ರೈವ್ ಒಂದೇ, ಅಂದರೆ ನಾವು 'ಸಿಡಿ' ಅಂತ ಕರೆಯುವುದನ್ನು ಹಾಕುವ ಬಾಯಿ. ಒಂದೇ ಮಿಲ್ಲಿನ ತೊಗರಿ ಬೇಳೆ ಎರಡು ಚೀಲದಲ್ಲಿ ಬಂದ ಹಾಗೆ. ಇಲ್ಲಿ ಗುಣಮಟ್ಟದ ಪ್ರಶ್ನೆಯೇ ಇಲ್ಲ. ಸ್ಲಿಮ್ ಡಿಜಿಟಲ್‌ಗೆ ಡಿಸ್ಕ್ ಡ್ರೈವನ್ನು ಆಮೇಲೆ ಬೇರೆ ಕೊಂಡು ಜೋಡಿಸಬಹುದು, ಮೊದಲ ಸಲ ಜೋಡಿಸುವಾಗ ಇಂಟರ್‌ನೆಟ್ ಬೇಕು. ನಮ್ಮಲ್ಲಿ 2021ರಲ್ಲಿ ಬಂದ ಹಳೆಯ ಡಿಜಿಟಲ್ ಮಾಡೆಲ್‌ಗೆ ಈ ಸೌಲಭ್ಯ ಇಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಲ್ಲಿ ಎಡವುತ್ತಾರೆ.

ಎಕ್ಸ್‌ಬಾಕ್ಸ್ ವಿಷಯ ಹಾಗಲ್ಲ. 2020ರ ನವೆಂಬರ್‌ನಲ್ಲಿ ಬಂದಾಗ ಸೀರೀಸ್ ಎಕ್ಸ್ 49,990 ರೂ., ಸೀರೀಸ್ ಎಸ್ 34,990 ರೂ. ಇತ್ತು. ಬೆಲೆ ಆಮೇಲೆ ಬದಲಾಗಿದೆ, ಇವತ್ತಿನದ್ದು ಅಂಗಡಿಯಲ್ಲಿ ಕೇಳಿ. ಇಲ್ಲಿ ಶಕ್ತಿಯನ್ನೇ ಇಳಿಸಿದ್ದಾರೆ. ಚಿತ್ರ ಬಿಡಿಸುವ ತಾಕತ್ತು ಎಕ್ಸ್‌ನಲ್ಲಿ 12 ಟೆರಾಫ್ಲಾಪ್, ಎಸ್‌ನಲ್ಲಿ 4. ಟೆರಾಫ್ಲಾಪ್ ಅಂದರೆ ಚಿಪ್ ಒಂದು ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡುತ್ತದೆ ಅನ್ನುವ ಅಳತೆ. ಮೆಮೊರಿ 16 ಜಿಬಿಯಿಂದ 10ಕ್ಕೆ ಇಳಿದಿದೆ, ಡಿಸ್ಕ್ ಡ್ರೈವ್ ಇಲ್ಲ, ಹೊರಗಿನಿಂದ ಜೋಡಿಸಲೂ ಬರುವುದಿಲ್ಲ. ಆದರೆ ಆಟವನ್ನು ಬೇಗ ತೆರೆಯುವ ಎಸ್‌ಎಸ್‌ಡಿಯ ವೇಗ ಎರಡರಲ್ಲೂ ಒಂದೇ. ಎಸ್‌ಎಸ್‌ಡಿ ಅಂದರೆ ಆಟಗಳು ಕೂರುವ ಉಗ್ರಾಣ. ಒಂದರಲ್ಲಿ ನಡೆಯುವ ಆಟ ಇನ್ನೊಂದರಲ್ಲೂ ನಡೆಯುತ್ತದೆ.

ಹಾಗಂತ ಏನೂ ನಷ್ಟ ಇಲ್ಲ ಅಂತ ನಾನು ಹೇಳುವುದಿಲ್ಲ. ಬಾಲ್ಡರ್ಸ್ ಗೇಟ್ 3 ಅನ್ನುವ ದೊಡ್ಡ ಆಟ 2023ರ ಡಿಸೆಂಬರ್‌ನಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದಾಗ, ಒಂದೇ ಟಿವಿಯಲ್ಲಿ ಪರದೆ ಎರಡಾಗಿ ಇಬ್ಬರು ಆಡುವ ಸೌಲಭ್ಯ ಸೀರೀಸ್ ಎಸ್‌ನಲ್ಲಿ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅಪ್‌ಡೇಟ್ ಮೂಲಕ ಬಂತು. ಅಣ್ಣ ತಂಗಿ ಜೊತೆಗೆ ಕೂತು ಆಡುವ ಮನೆಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಹಾಗಾಗಿ ಚೀಟಿಯಲ್ಲಿ ಬರೆದ ಆಟದ ಹೆಸರನ್ನು ಮಾಡೆಲ್ ಹೆಸರಿನ ಜೊತೆ ಸೇರಿಸಿ ಯೂಟ್ಯೂಬ್‌ನಲ್ಲಿ ಒಂದು ಸಲ ನೋಡಿ. ಐದು ನಿಮಿಷದಲ್ಲಿ ನಿಮ್ಮ ಕಣ್ಣಿಗೇ ಗೊತ್ತಾಗುತ್ತದೆ.

ನಿಂಟೆಂಡೊ ಸ್ವಿಚ್ ಲೈಟ್ ಕೊಳ್ಳುವವರು ಒಂದೇ ಒಂದು ಸಾಲು ಓದಿ: ಅದನ್ನು ಟಿವಿಗೆ ಹಚ್ಚಲು ಬರುವುದಿಲ್ಲ. ಕೈಯಲ್ಲಿ ಹಿಡಿದೇ ಆಡಬೇಕು.

3. ನಿಮ್ಮ ಟಿವಿಯನ್ನು ನೋಡಿ

ಇದು ಅತಿ ಮುಖ್ಯ. ಜನ 4ಕೆ ಕನ್ಸೋಲ್ ತಂದು 32 ಇಂಚಿನ ಹಳೆ ಟಿವಿಗೆ ಹಚ್ಚುತ್ತಾರೆ. ಟಿವಿ ಮೇಲೆ 'ಎಚ್‌ಡಿ ರೆಡಿ' ಅಂತ ಇದ್ದರೆ ಅದರ ಪರದೆಯಲ್ಲಿ ಸಾಮಾನ್ಯವಾಗಿ 1366 × 768 ಚುಕ್ಕಿ. 'ಫುಲ್ ಎಚ್‌ಡಿ' ಅಂದರೆ 1920 × 1080. 4ಕೆ ಅಂದರೆ 3840 × 2160. ಕನ್ಸೋಲ್ ಎಷ್ಟೇ ಚುಕ್ಕಿ ಬಿಡಿಸಲಿ, ಟಿವಿ ತನ್ನ ಕೈಲಾದಷ್ಟೇ ತೋರಿಸುತ್ತದೆ.

ಟಿವಿ 4ಕೆ ಅಲ್ಲದಿದ್ದರೆ, ಮುಂದಿನ ಎರಡು ಮೂರು ವರ್ಷ ಬದಲಿಸುವ ಯೋಚನೆಯೂ ಇಲ್ಲದಿದ್ದರೆ, ತುಟ್ಟಿ ಕನ್ಸೋಲಿನ ಹೆಚ್ಚಿನ ದುಡ್ಡಿನ ದೊಡ್ಡ ಪಾಲು ನಿಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಅಂಥ ಮನೆಗೆ ನಾನು ಸೀರೀಸ್ ಎಸ್ ಥರದ್ದನ್ನೇ ಹೇಳುತ್ತೇನೆ. 50-55 ಇಂಚಿನ 4ಕೆ ಟಿವಿ ಇದ್ದವರು ಫರಕು ನೋಡುತ್ತೀರಿ. ದೂರದ ಮರದ ಎಲೆ, ಅಕ್ಷರಗಳ ಅಂಚು, ಇಂಥ ಕಡೆ ಸೀರೀಸ್ ಎಸ್ ಸ್ವಲ್ಪ ಮಸುಕಾಗಿ ಕಾಣುತ್ತದೆ.

4. ಡಬ್ಬಿಯ ಬೆಲೆ ಬಿಡಿ, ಮೂರು ವರ್ಷದ ಲೆಕ್ಕ ಹಾಕಿ

ಸಸ್ತಾ ಡಬ್ಬಿ ಮೂರು ವರ್ಷದಲ್ಲಿ ತುಟ್ಟಿಯಾಗುವುದು ಇಲ್ಲಿ. ಹೊಸ ದೊಡ್ಡ ಆಟ ಒಂದಕ್ಕೆ ಸುಮಾರು 5,000 ರೂ. ಅಂತ ಇಟ್ಟುಕೊಳ್ಳಿ. ಡಿಸ್ಕ್ ಆದರೆ ಆಡಿ ಮುಗಿಸಿ ಅರ್ಧ ಬೆಲೆಗೆ ಮಾರಿದರೂ 2,500 ವಾಪಸ್. ನಾಲ್ಕು ಆಟಕ್ಕೆ ಹತ್ತು ಸಾವಿರ. ಡಿಸ್ಕ್ ಮಾಡೆಲ್‌ಗೆ ನೀವು ಜಾಸ್ತಿ ಕೊಟ್ಟದ್ದು ಅಲ್ಲಿಗೆ ಬಂದುಬಿಟ್ಟಿತು. ಗೆಳೆಯರ ನಡುವೆ ಡಿಸ್ಕ್ ಅದಲು ಬದಲು ಮಾಡಿಕೊಂಡರೆ ಇನ್ನೂ ಬೇಗ. ಡಿಜಿಟಲ್‌ನಲ್ಲಿ ಕೊಂಡ ಆಟವನ್ನು ಮಾರಲು ಬರುವುದಿಲ್ಲ. ಆದರೆ ಸೇಲ್ ಬಂದಾಗ ಹಳೆಯ ಆಟಗಳು ಬಹಳ ಕಡಿಮೆಗೆ ಸಿಗುತ್ತವೆ, ಅಷ್ಟು ಕಾಯುವ ತಾಳ್ಮೆ ಇದ್ದರೆ ಡಿಜಿಟಲ್ ಕೂಡ ಒಳ್ಳೆಯದೇ.

ಇಂಟರ್‌ನೆಟ್ ಲೆಕ್ಕವನ್ನೂ ಹಾಕಿ. ಕಲಬುರಗಿ, ಬೀದರ್ ನಗರದೊಳಗೆ ಫೈಬರ್ ಇದ್ದವರಿಗೆ ಚಿಂತೆ ಇಲ್ಲ. ಸೇಡಂ, ಚಿತ್ತಾಪುರ, ಸುರಪುರ ಕಡೆ ಹಳ್ಳಿಗಳಲ್ಲಿ ಬಹಳ ಮನೆಗಳಲ್ಲಿ ಮೊಬೈಲ್ ಡೇಟಾವೇ ಗತಿ. ದಿನಕ್ಕೆ 2 ಜಿಬಿ ಪ್ಲ್ಯಾನಿನಲ್ಲಿ 100 ಜಿಬಿಯ ಒಂದು ಆಟ ಇಳಿಸಲು 50 ದಿನ ಬೇಕು. ಅಂಥ ಮನೆಗೆ ಡಿಸ್ಕ್ ಇಲ್ಲದ ಕನ್ಸೋಲ್ ತರಬೇಡಿ. ಡಿಸ್ಕ್ ಹಾಕಿದರೂ ಅಪ್‌ಡೇಟ್ ಇಳಿಸಬೇಕಾಗುತ್ತದೆ ನಿಜ, ಆದರೆ ಪೂರ್ತಿ ಆಟ ಇಳಿಸುವ ಕಷ್ಟ ಸಾಮಾನ್ಯವಾಗಿ ಇರುವುದಿಲ್ಲ.

ಜಾಗವೂ ಹಾಗೇ. 512 ಜಿಬಿ ಸೀರೀಸ್ ಎಸ್‌ನಲ್ಲಿ ಆಟಕ್ಕೆ ಸಿಗುವುದು ಸುಮಾರು 364 ಜಿಬಿ. ದೊಡ್ಡ ಆಟ ಮೂರು ಕೂತರೆ ತುಂಬಿತು. ಅದಕ್ಕೆ ಹಾಕುವ ವಿಶೇಷ ಮೆಮೊರಿ ಕಾರ್ಡು ಅಗ್ಗ ಅಲ್ಲ, ಹಾಗಾಗಿ ಆಗಲೇ 1 ಟಿಬಿ ಮಾಡೆಲ್ ಬೆಲೆಯನ್ನೂ ಕೇಳಿ ನೋಡಿ.

ಚಂದಾ ಬಗ್ಗೆ ಇಷ್ಟು ಸಾಕು: ದುಡ್ಡು ಕೊಟ್ಟು ಕೊಂಡ ಆಟವನ್ನು ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡಲು ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡರಲ್ಲೂ ಚಂದಾ ಬೇಕು. ಫೋರ್ಟ್‌ನೈಟ್‌ನಂಥ ಪುಕ್ಕಟೆ ಆಟಗಳಿಗೆ ಬೇಡ.

5. ಹೆಸರಿಲ್ಲದ ಡಬ್ಬಿಯಿಂದ ದೂರ ಇರಿ

"ಹತ್ತು ಸಾವಿರ ಆಟ, 4ಕೆ, ಎರಡು ರಿಮೋಟ್, ಬರೀ ಎರಡು ಸಾವಿರ" ಅಂತ ಮಾರುವ ಪೆನ್‌ಡ್ರೈವ್ ಗಾತ್ರದ ಗೇಮ್ ಸ್ಟಿಕ್ ಇವೆಯಲ್ಲ, ಅವುಗಳ ವಿಷಯ. ಕೆಲವಕ್ಕೆ ಪ್ಲೇಸ್ಟೇಷನ್ 5ರ ಹಾಗೇ ಬಿಳಿ ರೆಕ್ಕೆಯ ಮೈ ಕೂಡ ಇರುತ್ತದೆ. ಒಳಗೆ ಇರುವುದು 80-90ರ ದಶಕದ ಆಟಗಳ ಕಳ್ಳ ಕಾಪಿ. ನಾವು ಚಿಕ್ಕವರಿದ್ದಾಗ ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದ ಆಟಗಳೇ.

ಅಂಥದ್ದೊಂದನ್ನು ಒಂದು ಸಂಜೆ ಕೂತು ಪಟ್ಟಿಯ ಸಮೇತ ನೋಡಿದೆ. ಇಟ್ಟಿಗೆ ಒಡೆಯುತ್ತಾ ಓಡುವ ಅದೇ ಮೀಸೆ ಮಾಮ ಆರು ಹೆಸರಲ್ಲಿ ಆರು ಸಲ ಬಂದ. ಒಂದರಲ್ಲಿ ಅಂಗಿ ಬಣ್ಣ ಬೇರೆ, ಒಂದು ನೇರ ಮೂರನೇ ಮಟ್ಟದಿಂದ ಶುರು, ಇನ್ನೊಂದು ತೆರೆಯಲೇ ಇಲ್ಲ. ರಿಮೋಟಿನ ಬಟನ್ ಒತ್ತಿದ ಮೇಲೆ ಅವನು ಹಾರಲು ಒಂದು ಕ್ಷಣ ತಡ, ಅಷ್ಟರಲ್ಲಿ ಗುಂಡಿಯೊಳಗೆ. ಆಡುತ್ತಿದ್ದ ಮಗು ಇದು ತನ್ನದೇ ತಪ್ಪು ಅಂದುಕೊಂಡು ಮತ್ತೆ ಮತ್ತೆ ಒತ್ತುತ್ತಿತ್ತು. ನೋಡಿ ನನಗೆ ನಿಜವಾಗಿ ಬೇಜಾರಾಯಿತು.

ಹಳೆಯ ಆಟ ಆಡುವುದರಲ್ಲಿ ತಪ್ಪೇನಿಲ್ಲ. ಆದರೆ ಇದನ್ನು ಕನ್ಸೋಲ್ ಅಂದುಕೊಂಡು ತಂದರೆ ಅಗ್ಗ ಸಿಕ್ಕಿತು ಅಂತ ಮುಗ್ಗಿದ ಜೋಳ ತಂದ ಹಾಗಾಗುತ್ತದೆ. ಎರಡು ಸಾವಿರವೇ ನಿಮ್ಮ ಮಿತಿಯಾದರೆ, ಮನೆಯಲ್ಲಿರುವ ಮೊಬೈಲ್ ಅಥವಾ ಲ್ಯಾಪ್‌ಟಾಪ್‌ಗೆ ಒಳ್ಳೆಯ ಬ್ಲೂಟೂತ್ ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ರಿಮೋಟ್) ಒಂದನ್ನು ತನ್ನಿ. ಮಕ್ಕಳು ಅದರಲ್ಲೇ ಖುಷಿಯಾಗಿರುತ್ತಾರೆ.

6. ನಮ್ಮ ಬಿಸಿಲು, ದೂಳು, ಕರೆಂಟು

ದೊಡ್ಡ ಊರಿನ ರಿವ್ಯೂಗಳಲ್ಲಿ ಇದು ಸಿಗುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ಲೇಸ್ಟೇಷನ್ 5ರ ಕೈಪಿಡಿಯಲ್ಲಿ 5ರಿಂದ 35 ಡಿಗ್ರಿ ಒಳಗೆ ಬಳಸಿ ಅಂತ ಇದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 40 ದಾಟುತ್ತದೆ. ತಗಡಿನ ಚಾವಣಿಯ ಕೋಣೆಯಲ್ಲಿ, ಮೇಲಿನ ಮಹಡಿಯಲ್ಲಿ ಮಧ್ಯಾಹ್ನ ಒಳಗೂ 35ರ ಮೇಲೇ ಇರುತ್ತದೆ. ಮತ್ತೆ ಮಕ್ಕಳಿಗೆ ರಜೆ ಇರುವುದೂ ಆಗಲೇ! ಇಲ್ಲಿ ಸಸ್ತಾ ತುಟ್ಟಿ ಅನ್ನುವ ಭೇದ ತಿರುಗುಮುರುಗಾಗುತ್ತದೆ. ಕಡಿಮೆ ಶಕ್ತಿಯದ್ದು ಕಡಿಮೆ ಬಿಸಿಯಾಗುತ್ತದೆ. ಆಡುವಾಗ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಎಳೆದರೆ ಸೀರೀಸ್ ಎಸ್ ನೂರರ ಒಳಗೇ ಇರುತ್ತದೆ. ಇನ್ವರ್ಟರ್ ಮೇಲೂ ಅದೇ ಹಗುರ.

ಎರಡು ಬೇಸಿಗೆ ಕಂಡ ಒಂದು ಹಳೆಯ ಕನ್ಸೋಲನ್ನು ಬಿಚ್ಚಿದ್ದೆ. ಶಹಾಬಾದ್ ಕಲ್ಲಿನ ನೆಲದ ಮನೆ, ಕನ್ಸೋಲ್ ಇದ್ದದ್ದು ನೆಲಕ್ಕೆ ತಾಗಿದ ಕಪಾಟಿನ ಕೆಳಗಿನ ಖಾನೆಯಲ್ಲಿ. ಫ್ಯಾನಿನ ಹಿಂದೆ, ಬಿಸಿ ಹೊರಹಾಕುವ ಲೋಹದ ಹಲ್ಲುಗಳ ಮೇಲೆ, ದೂಳು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಹರಿಯದೆ ಒಂದೇ ತುಂಡಾಗಿ ಬಂತು. ಆಟದ ನಡುವೆ ತಾನಾಗಿ ಆಫ್ ಆಗುತ್ತಿದ್ದ ಡಬ್ಬಿ ಆವತ್ತಿನಿಂದ ಸುಮ್ಮನೆ ಓಡುತ್ತಿದೆ. ಮನೆಯವರು ಅದನ್ನು 'ಸಸ್ತಾ ಮಾಲು, ಅದಕ್ಕೇ ಕೆಟ್ಟಿತು' ಅಂತ ಮೂಲೆಗೆ ಹಾಕಲು ಹೊರಟಿದ್ದರು.

ಹಾಗಾಗಿ ಹೀಗೆ ಮಾಡಿ. ಕನ್ಸೋಲನ್ನು ನೆಲದಿಂದ ಎರಡು ಅಡಿಯಾದರೂ ಮೇಲೆ, ಸುತ್ತ ಒಂದು ಗೇಣು ಜಾಗ ಬಿಟ್ಟು ಇಡಿ. ಮುಚ್ಚಿದ ಶೋಕೇಸ್ ಒಳಗೆ ಬೇಡ. ಆಡುವಾಗ ಮೇಲೆ ಬಟ್ಟೆ ಹೊದಿಸಬೇಡಿ (ದೂಳು ಬೀಳಬಾರದು ಅಂತ ಎಷ್ಟೋ ಮನೆಗಳಲ್ಲಿ ಹೀಗೆ ಮಾಡುತ್ತಾರೆ). ಬೇಸಿಗೆಯಲ್ಲಿ ಬೆಳಗ್ಗೆ ಇಲ್ಲವೇ ಸಂಜೆ ಆಡಲಿ. ಕರೆಂಟ್ ಪದೇ ಪದೇ ಹೋಗುವ ಕಡೆ ಇನ್ವರ್ಟರ್ 'ಪ್ಯೂರ್ ಸೈನ್ ವೇವ್' ಇರಬೇಕು, ಅಂದರೆ ಜೆಸ್ಕಾಂ ಲೈನಿನ ಹಾಗೇ ನಯವಾದ ಕರೆಂಟ್ ಕೊಡುವಂಥದ್ದು. ಸೇವ್ ಆಗುವ ಹೊತ್ತಿಗೆ ಕರೆಂಟ್ ಹೋದರೆ ಆಟದ ಫೈಲ್ ಕೆಡಬಹುದು. ಕರೆಂಟ್ ಭರವಸೆ ಇಲ್ಲದ ಕಡೆ ರೆಸ್ಟ್ ಮೋಡ್‌ನಲ್ಲಿ, ಅಂದರೆ ಅರೆನಿದ್ದೆಯಲ್ಲಿ, ಬಿಡದೆ ಪೂರ್ತಿ ಆಫ್ ಮಾಡಿ.

7. ಎಲ್ಲಿ ಕೊಳ್ಳುತ್ತೀರಿ, ಹೇಗೆ ಪರೀಕ್ಷೆ ಮಾಡುತ್ತೀರಿ

ಬೀದರ್, ಕಲಬುರಗಿಯವರು ಹೈದರಾಬಾದಿಗೆ ಹೋಗಿ ತರುವುದು ರೂಢಿ. ಹೋಗಿ, ತಪ್ಪಿಲ್ಲ. ಆದರೆ ಮೂರು ನಾಲ್ಕು ಸಾವಿರ ಕಡಿಮೆ ಹೇಳಿದರೆ ತಕ್ಷಣ ಕೇಳಿ: "ಇಂಡಿಯಾ ವಾರಂಟಿ ಇದೆಯಾ, ಜಿಎಸ್‌ಟಿ ಬಿಲ್ ಕೊಡ್ತೀರಾ?" ಹೊರದೇಶದಿಂದ ತಂದ ಮಾಲಿಗೆ ಇಲ್ಲಿ ಕಂಪನಿಯ ವಾರಂಟಿ ಸಿಗದೆ ಹೋಗಬಹುದು. ಅಂಗಡಿಯವರೇ ಬರೆದುಕೊಟ್ಟ 'ಶಾಪ್ ವಾರಂಟಿ'ಗೆ ಅಂಗಡಿ ಇರುವವರೆಗೆ ಮಾತ್ರ ಬೆಲೆ. ರಿಪೇರಿ ಬಂದರೆ ಮತ್ತೆ ಹೈದರಾಬಾದಿಗೆ ಹೋಗಿ ಬರುವ ಖರ್ಚನ್ನೂ ಆ ನಾಲ್ಕು ಸಾವಿರದಲ್ಲಿ ಕಳೆಯಿರಿ. ಡಬ್ಬಿಯ ಹಿಂದಿನ ಸ್ಟಿಕ್ಕರ್‌ನಲ್ಲಿ ನಮ್ಮ 230 ವೋಲ್ಟ್ ಕರೆಂಟಿಗೆ ನಡೆಯುತ್ತದಾ ಅಂತಲೂ ಓದಿ.

ಸೆಕೆಂಡ್ ಹ್ಯಾಂಡ್ ಆದರೆ ಟಿವಿಗೆ ಹಚ್ಚದೆ ದುಡ್ಡು ಕೊಡಲೇಬೇಡಿ. ಅರ್ಧ ಗಂಟೆ ಭಾರೀ ಆಟವೊಂದನ್ನು ಆಡಿಸಿ, ಫ್ಯಾನಿನ ಸದ್ದು ಕೇಳಿ. ಎಚ್‌ಡಿಎಂಐ ಕೇಬಲ್ ಸಿಕ್ಕಿಸುವ ಕಿಂಡಿಗೆ ಟಾರ್ಚ್ ಬಿಟ್ಟು ಒಳಗಿನ ಪಿನ್ ಬಾಗಿದೆಯಾ ನೋಡಿ. ಡಿಸ್ಕ್ ಹಾಕಿ ತೆಗೆಯಿರಿ. ಕಂಟ್ರೋಲರ್ ಮುಟ್ಟದೆ ಮೇಜಿನ ಮೇಲಿಡಿ, ಆಟದಲ್ಲಿ ಮನುಷ್ಯ ತಾನಾಗಿ ನಡೆಯುತ್ತಿದ್ದರೆ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿ ಸವೆದಿದೆ ಅಂತ ಅರ್ಥ, ಇದನ್ನು 'ಸ್ಟಿಕ್ ಡ್ರಿಫ್ಟ್' ಅನ್ನುತ್ತಾರೆ. ಇಂಟರ್‌ನೆಟ್‌ಗೆ ಹಚ್ಚಿ ನಿಮ್ಮ ಅಕೌಂಟ್‌ನಲ್ಲಿ ಲಾಗಿನ್ ಆಗುತ್ತದಾ ನೋಡಿ, ಕಂಪನಿ ಬ್ಯಾನ್ ಮಾಡಿದ ಕನ್ಸೋಲ್ ಆದರೆ ಇಲ್ಲೇ ಸಿಕ್ಕಿಬೀಳುತ್ತದೆ. "ಐವತ್ತು ಆಟ ಫ್ರೀ ಹಾಕಿದ್ದೀವಿ" ಅಂದರೆ ಅದು ಜೈಲ್‌ಬ್ರೇಕ್ ಮಾಡಿದ್ದು, ಅಂದರೆ ಒಳಗಿನ ಬೀಗ ಮುರಿದದ್ದು. ವಾರಂಟಿ ಹೋಯಿತು, ಆನ್‌ಲೈನ್ ಹೋದರೆ ಬ್ಯಾನ್ ಆಗುವ ಭಯ, ಅಪ್‌ಡೇಟ್ ಮಾಡುವಂತಿಲ್ಲ. ಕೈಮುಗಿದು ಬನ್ನಿ.

ಹೊಸದಾದರೆ ಪ್ಯಾಕಿಂಗ್ ಡಬ್ಬಿ ಒಡೆಯುವಾಗ ಸೀಲ್, ಸೀರಿಯಲ್ ನಂಬರ್ ಕಾಣುವ ಹಾಗೆ ವಿಡಿಯೋ ಮಾಡಿ. ಬಿಲ್ಲಿನ ನಂಬರ್, ಡಬ್ಬಿಯ ನಂಬರ್, ಕನ್ಸೋಲಿನ ನಂಬರ್ ಮೂರೂ ಒಂದೇ ಇರಬೇಕು. ಬಿಲ್ಲಿನ ಫೋಟೋ ತೆಗೆದು ಫೋನಿನಲ್ಲಿಡಿ, ಈಗ ಬರುವ ಬಿಲ್ಲಿನ ಕಾಗದದ ಮೇಲಿನ ಅಕ್ಷರ ನಮ್ಮ ಬಿಸಿಲಿಗೆ ಒಂದೇ ವರ್ಷದಲ್ಲಿ ಅಳಿಸಿಹೋಗುತ್ತದೆ. ವಾಪಸ್ ಕೊಡುವ ಗಡುವು ಎಷ್ಟು ದಿನ ಅಂತ ಕೇಳಿಕೊಂಡು, ಅದರೊಳಗೆ ದಿನವೂ ಒಂದೆರಡು ಗಂಟೆ ಆಡಿಸಿ. ಎಲ್ಲ ಕಿಂಡಿ, ಎಲ್ಲ ಬಟನ್, ವೈಫೈ, ಡಿಸ್ಕ್. ಏನಾದರೂ ಅನುಮಾನ ಬಂದರೆ "ಸಸ್ತಾದ್ದು, ಹೀಗೇ ಇರ್ತದೆ ಬಿಡು" ಅಂತ ಸುಮ್ನೆ ಕೂರಬೇಡಿ, ಆವತ್ತೇ ಬಿಲ್ ಹಿಡಿದು ಅಂಗಡಿಗೆ ಹೋಗಿ.